ದೊಡ್ಡಸ್ವಾಮಿ ಅಬ್ಬೆ ದುಬ್ವಾ: ಹೊಲ, ದಾಕು ಮತ್ತು ವಿಶ್ವಾಸ

ಭಾನುವಾರದ ದಿವ್ಯ ಬಲಿಪೂಜೆ ಮುಗಿದು ದೇವಾಲಯದ ಮೆಟ್ಟಿಲಿಳಿಯುತ್ತಲೇ ನಮ್ಮ ಜನರ ಬಾಯಲ್ಲಿ ಬರುವ ಮಾತುಗಳು ಯಾವುವು? ಮಳೆ ಬಂದೀತೇ, ತೊಗರಿಗೆ ಹುಳು ಬಿದ್ದಿದೆಯೇ, ಸಾಲದ ಕಂತು ತೀರಿತೇ, ಮಗುವಿನ ಜ್ವರ ಇಳಿಯಿತೇ ಎಂಬಿವೇ ಅಲ್ಲವೇ? ಒಳಗೆ ಸಲ್ಲಿಸಿದ ಪ್ರಾರ್ಥನೆಗೂ ಹೊರಗೆ ಆಡುವ ಈ ಮಾತುಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರನ್ನು ಕಾಡಿರಬಹುದು. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ನೆರೆಯನ್ನೂ ಬರವನ್ನೂ ಕಂಡ ಮಣ್ಣೂರಿನ ರೈತನಿರಲಿ, ಹಾಸನದ ಕಡೆಯಲ್ಲಿ ರಾಗಿ ಬೆಳೆಯುವ ರೈತನಿರಲಿ, ಈ ಪ್ರಶ್ನೆ ಇಬ್ಬರದೂ ಒಂದೇ. ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಗುರುವೊಬ್ಬರು ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಕನ್ನಡ ನಾಡಿನಲ್ಲಿ ಆಗಿಹೋದರು. ಪರದೇಶದಲ್ಲಿ ಹುಟ್ಟಿದ ಅವರನ್ನು ಮೈಸೂರು ಸೀಮೆಯ ಜನರು ದೊಡ್ಡಸ್ವಾಮಿಯವರು ಎಂದು ಗೌರವದಿಂದ ಕರೆದರು. ಗ್ರಂಥಗಳಲ್ಲಿ ಅವರ ಹೆಸರು ಅಬ್ಬೆ ದುಬ್ವಾ. ನೂರು ವರ್ಷಗಳ ದೇವಾನುಗ್ರಹವನ್ನು ನೆನೆಯುವ ಈ ಶುಭ ಸಂದರ್ಭದಲ್ಲಿ ಅವರ ಜೀವನವನ್ನು ನಮ್ಮ ಭಕ್ತಾದಿಗಳ ಮುಂದಿಡಲು ನಾವು ಬಯಸುತ್ತೇವೆ.

ಜನನ ಮತ್ತು ಆಗಮನ

ಜಾನ್ ಆಂತ್ವಾನ್ ದುಬ್ವಾರವರು ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಆರ್ದೆಶ್ ಪ್ರಾಂತದ ಸಾಂ ರೆಮೇಜ್ ಎಂಬ ಹಳ್ಳಿಯವರು. ಅವರು ಹುಟ್ಟಿದ್ದು 1765–66ರ ಸುಮಾರಿಗೆ. ವಿವಿಯೇ ಧರ್ಮಪ್ರಾಂತದಲ್ಲಿ 1792ರಲ್ಲಿ ಯಾಜಕ ದೀಕ್ಷೆ ಪಡೆದ ಅವರು ಅದೇ ವರ್ಷ ಪ್ಯಾರಿಸ್ ವಿದೇಶೀ ಧರ್ಮಪ್ರಚಾರಕರ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಬಿರುಗಾಳಿ ಬೀಸುತ್ತಿತ್ತು. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಲೊಪ್ಪದ ಗುರುಗಳು ಸೆರೆ, ಗಡೀಪಾರು, ಮರಣಗಳನ್ನು ಎದುರಿಸಬೇಕಾಗಿದ್ದ ಕಾಲವದು. ತಾಯ್ನಾಡಿನಲ್ಲಿ ಬಲಿಪೀಠಗಳು ಉರುಳುತ್ತಿದ್ದಾಗ ಈ ಯುವಕ ಗುರುಗಳು ಕಂಡರಿಯದ ದೇಶವೊಂದರ ಬಲಿಪೀಠಗಳ ಸೇವೆಗೆ ಹಡಗು ಹತ್ತಿದರು.

ಮೊದಲ ಕೆಲವು ವರ್ಷಗಳನ್ನು ಅವರು ಪಾಂಡಿಚೇರಿಯ ಧರ್ಮಪ್ರಚಾರ ಕ್ಷೇತ್ರಕ್ಕೆ ಸೇರಿ ತಮಿಳು ನಾಡಿನ ದಕ್ಷಿಣದ ಜಿಲ್ಲೆಗಳಲ್ಲಿ ಕಳೆದರು. ಈ ನಾಡಿನ ಜನರ ಒಳಬದುಕನ್ನು ಅರಿಯದೆ ಅವರಿಗೆ ಶುಭಸಂದೇಶವನ್ನು ಸಾರಲಾಗದೆಂಬುದು ಅವರಿಗೆ ಬಹು ಬೇಗನೆ ಮನವರಿಕೆಯಾಯಿತು. ಆದ್ದರಿಂದ ಅವರು ಐರೋಪ್ಯರ ಸಹವಾಸವನ್ನು ದೂರವಿಟ್ಟರು. ಈ ನೆಲದವರ ಉಡುಪನ್ನು ಧರಿಸಿ, ತಲೆಗೆ ರುಮಾಲು ಸುತ್ತಿ, ಊಟೋಪಚಾರಗಳಲ್ಲಿ ಇಲ್ಲಿಯ ಪದ್ಧತಿಯನ್ನೇ ಅನುಸರಿಸಿದರು. ಇದರ ಫಲವಾಗಿ ಎಲ್ಲ ಜಾತಿಯವರ ಊರುಕೇರಿಗಳಲ್ಲಿಯೂ ಅವರಿಗೆ ಆದರದ ಸ್ವಾಗತ ದೊರೆಯಿತು. ದೇವಪುತ್ರರು ನಮ್ಮ ಮಧ್ಯೆ ಮನುಷ್ಯರಾಗಿ ವಾಸಿಸಿದ ರಹಸ್ಯವನ್ನು ನಾವು ಕ್ರಿಸ್ತಜಯಂತಿಯಂದು ಧ್ಯಾನಿಸುತ್ತೇವೆ. ಆ ರಹಸ್ಯವನ್ನು ಒಬ್ಬ ಗುರು ತನ್ನ ಉಡುಗೆಯಲ್ಲಿಯೂ ತನ್ನ ತಟ್ಟೆಯಲ್ಲಿಯೂ ಹೇಗೆ ಪಾಲಿಸಬಹುದೆಂಬುದಕ್ಕೆ ಇದೊಂದು ನಿದರ್ಶನ.

ಚದುರಿದ ಮಂದೆ

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬ್ರಿಟಿಷರ ವಶವಾಯಿತು; ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಅದಕ್ಕೆ ಹದಿನೈದು ವರ್ಷಗಳ ಹಿಂದೆ, 1784ರಲ್ಲಿ, ಕರಾವಳಿಯ ಕೆನರಾ ಪ್ರದೇಶದ ಕ್ರೈಸ್ತರನ್ನು ಮಂದೆಮಂದೆಯಾಗಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ಅವರ ಸಂಖ್ಯೆಯನ್ನು ಅಬ್ಬೆ ದುಬ್ವಾರವರು ಅರವತ್ತು ಸಾವಿರವೆಂದು ಅಂದಾಜು ಮಾಡಿದ್ದಾರೆ. ಬೇರೆ ಬರಹಗಾರರು ಬೇರೆ ಸಂಖ್ಯೆಗಳನ್ನು ಕೊಡುತ್ತಾರೆ. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ. ಉಳಿದವರಲ್ಲಿ ಬಹುಮಂದಿ ಬಲವಂತದ ಮತಾಂತರಕ್ಕೆ ಒಳಗಾದರು. ಸೆರೆ ಬಿಟ್ಟಾಗ ಅನೇಕರು ಕರಾವಳಿಗೆ ಮರಳಿದರು, ಕೆಲವರು ಮೈಸೂರು ಸೀಮೆಯಲ್ಲೇ ನಿಂತರು. ಹೊಲಮನೆಗಳು ಕೈತಪ್ಪಿದ್ದವು, ದೇವಾಲಯಗಳು ಉರುಳಿದ್ದವು, ಪೂಜೆ ನಡೆಸಲು ಗುರುಗಳಿರಲಿಲ್ಲ.

ಈ ಜನರನ್ನು ಒಟ್ಟುಗೂಡಿಸಲು ಅಬ್ಬೆ ದುಬ್ವಾರವರು ಶ್ರೀರಂಗಪಟ್ಟಣಕ್ಕೆ ಬಂದರು. ಅಲ್ಲಿ ಸೇನಾಧಿಪತ್ಯ ವಹಿಸಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಶಿಫಾರಸು ಅವರ ಬರವಿಗೆ ನೆರವಾಯಿತೆಂದು ಹೇಳುತ್ತಾರೆ. ಮುಂದೆ ವೆಲ್ಲಿಂಗ್ಟನ್ ಪ್ರಭುವೆಂದು ಜಗತ್ಪ್ರಸಿದ್ಧರಾದವರು ಇವರೇ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ದೇವಾಲಯವನ್ನು ಜನರು ಇಂದಿಗೂ ಅಬ್ಬೆ ದುಬ್ವಾರವರ ಹೆಸರಿನೊಂದಿಗೆ ನೆನೆಯುತ್ತಾರೆ. ಬೆಂಗಳೂರಿನಲ್ಲಿ ಇಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ ನಿಂತಿರುವೆಡೆಯ ಆದಿಯೂ ಅವರು ಕಟ್ಟಿಸಿದ ಹುಲ್ಲುಮಾಡಿನ ಗುಡಿಯೇ ಎಂಬುದು ಅಲ್ಲಿಯ ಪರಂಪರೆ.

ಇಲ್ಲಿ ನಾವು ಒಂದು ಕಹಿಸತ್ಯವನ್ನು ಮರೆಮಾಚಲಾಗದು. ಸೆರೆಯಲ್ಲಿದ್ದ ಸಾವಿರಾರು ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಬರಲಿಲ್ಲವೆಂದು ಅಬ್ಬೆ ದುಬ್ವಾರವರು ಮುಂದೆ ಬಹಳ ಕಟುವಾಗಿ ಬರೆದರು. ಆ ಮಾತು ಇಂದಿಗೂ ಓದುವವರ ಮನಸ್ಸನ್ನು ನೋಯಿಸುತ್ತದೆ. ಕಣ್ಣೆದುರಿಗೆ ಮಕ್ಕಳು ಹಸಿವಿನಿಂದ ಕೊರಗುತ್ತಿರುವ ತಂದೆಯ ಮನಸ್ಸನ್ನು ತೂಗಿ ನೋಡಲು ನಾವು ಯಾರು? ಆದರೆ ಬರಹದಲ್ಲಿ ಕಠಿಣರಾದ ಅವರು ನಡತೆಯಲ್ಲಿ ಬೇರೆಯಾಗಿದ್ದರು. ಬಿದ್ದವರು ಪಶ್ಚಾತ್ತಾಪದಿಂದ ಬಾಗಿಲಿಗೆ ಬಂದಾಗ ಅವರನ್ನು ದೂಡಲಿಲ್ಲ. ಪಾಪನಿವೇದನೆಯ ಮೂಲಕ ಧರ್ಮಸಭೆಯ ಮಡಿಲಿಗೆ ಮತ್ತೆ ಸೇರಿಸಿಕೊಂಡರು. ಮನೆ ಬಿಟ್ಟು ಹೋದ ಮಗನ ಸಾಮತಿಯಲ್ಲಿ ತಂದೆಯು ಮಗನನ್ನು ಅಪ್ಪಿಕೊಂಡ ಮೇಲೆ ಅವನಿಗೆ ಉಡುಗೆ, ಪಾದರಕ್ಷೆ, ಊಟಗಳನ್ನು ಕೊಡಿಸಿದ್ದು ನಮಗೆ ತಿಳಿದೇ ಇದೆ. ದೊಡ್ಡಸ್ವಾಮಿಯವರೂ ಕ್ಷಮೆಯಲ್ಲಿಗೇ ನಿಲ್ಲದೆ ಊಟದ ಕಡೆಗೆ ದೃಷ್ಟಿ ಹಾಯಿಸಿದರು.

ಸಾತಳ್ಳಿಯ ಹೊಲಗಳು

ಕ್ಷಮೆ ಪಡೆದು ಮನೆಗೆ ಹೋದವನ ಮನೆಯಲ್ಲಿ ಒಲೆ ಉರಿಯದಿದ್ದರೆ ಆ ಕ್ಷಮೆಯ ಸಂತೋಷ ಎಷ್ಟು ದಿನ ಉಳಿದೀತು? ನೆಲವಿಲ್ಲದವನು ಕೂಲಿಗಾಗಿ ಊರೂರು ಅಲೆಯುತ್ತಾನೆ. ಅಲೆಯುವವನಿಗೆ ದೇವಾಲಯವೂ ಇಲ್ಲ, ಮಕ್ಕಳಿಗೆ ಧರ್ಮೋಪದೇಶವೂ ಇಲ್ಲ. ಇದನ್ನು ಕಂಡ ಅಬ್ಬೆ ದುಬ್ವಾರವರು ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಲು ತೊಡಗಿದರು. ಹಾಸನದ ಬಳಿಯ ಸಾತಳ್ಳಿಯು ಅವುಗಳಲ್ಲಿ ಪ್ರಸಿದ್ಧವಾದುದು. ಮೈಸೂರು ಸಂಸ್ಥಾನದ ಗ್ಯಾಸೆಟಿಯರನ್ನು ಬರೆದ ವಿದ್ವಾಂಸರೂ ಈ ಸಾತಳ್ಳಿಯ ಸ್ಥಾಪನೆಯನ್ನು ಅವರ ಮುಖ್ಯ ಸೇವೆಗಳಲ್ಲಿ ಒಂದಾಗಿ ಎಣಿಸಿದ್ದಾರೆ.

ಊರು ಕಟ್ಟುವುದೆಂದರೆ ಸಣ್ಣ ಕೆಲಸವಲ್ಲವೆಂಬುದು ನಮ್ಮ ರೈತ ಬಂಧುಗಳಿಗೆ ಹೇಳಬೇಕಾದುದಲ್ಲ. ನೆಲ ದೊರೆತರೆ ಎತ್ತು ಬೇಕು, ಎತ್ತು ದೊರೆತರೆ ಬೀಜ ಬೇಕು, ಬೀಜ ಬಿತ್ತಿದ ಮೇಲೆ ಮಳೆ ಬರಬೇಕು, ಸುಗ್ಗಿಯವರೆಗೆ ಮನೆಮಂದಿಯ ಹೊಟ್ಟೆ ನಡೆಯಬೇಕು. ಇಷ್ಟೆಲ್ಲದರ ನಡುವೆ ಒಂದು ಸಮುದಾಯ ಬೇರುಬಿಟ್ಟು ನಿಂತಿತು. ಸಾತಳ್ಳಿ ಇಂದಿಗೂ ಕ್ರೈಸ್ತರ ಊರಾಗಿ ಉಳಿದಿದೆ. ಅದೇ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಮುಂದಿನ ಪೀಳಿಗೆಯ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಜಪಸರ ಮಾತೆಯ ಭವ್ಯ ದೇವಾಲಯವನ್ನು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಆ ದೇವಾಲಯವು ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿ ಬೇಸಗೆಯಲ್ಲಿ ಮೇಲೇಳುತ್ತದೆ. ಕಲ್ಲುಗಾರೆಯ ಆ ಗೋಡೆಗಳು ಪಾಳುಬಿದ್ದಿವೆ. ಸಾತಳ್ಳಿಯಲ್ಲಿ ನೆಲ ಹಿಡಿದು ನಿಂತ ಜನರು ಉಳಿದಿದ್ದಾರೆ. ಗುರುವಾದವನು ಮೊದಲು ಏನನ್ನು ಕಟ್ಟಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೇ?

ದಾಕು ಹಾಕಿದ ಸ್ವಾಮಿ

ಸಿಡುಬಿನ ಹೆಸರು ಕೇಳಿದರೆ ನಮ್ಮ ಅಜ್ಜ ಅಜ್ಜಿಯರು ನಡುಗುತ್ತಿದ್ದರು. ಅಮ್ಮ ಬಂದಿದ್ದಾಳೆ ಎಂದು ಪಿಸುಮಾತಿನಲ್ಲಿ ಹೇಳಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ದಿನಗಳನ್ನೆಣಿಸುತ್ತಾ ಕುಳಿತುಕೊಳ್ಳುತ್ತಿದ್ದರು. ಬದುಕಿದವರ ಮುಖದ ಮೇಲೆ ಕುಳಿಗಳು ಉಳಿಯುತ್ತಿದ್ದವು, ಎಷ್ಟೋ ಜನರ ಕಣ್ಣುಗಳು ಹೋಗುತ್ತಿದ್ದವು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋವಿನ ಸಿಡುಬಿನ ಕೀವಿನಿಂದ ಈ ರೋಗವನ್ನು ತಡೆಯಬಹುದೆಂದು ತೋರಿಸಿ, 1798ರಲ್ಲಿ ಅದನ್ನು ಪ್ರಕಟಿಸಿದರು. 1802ರ ಜೂನ್ ತಿಂಗಳಲ್ಲಿ ಆ ದಾಕು ಮುಂಬಯಿಯನ್ನು ತಲಪಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಹಾಕಲಾಯಿತು. ಅದಾದ ಸ್ವಲ್ಪ ಕಾಲಕ್ಕೇ, 1803–04ರಲ್ಲಿ, ಅಬ್ಬೆ ದುಬ್ವಾರವರು ಮೈಸೂರು ಸೀಮೆಯಲ್ಲಿ ಅದನ್ನು ಹರಡಲು ಮುಂದಾದರು. ಸಹಾಯಕರ ಜೊತೆಗೂಡಿ ಅವರು ಸಾವಿರಾರು ಜನರಿಗೆ ದಾಕು ಹಾಕಿಸಿದರು.

ಆ ಕಾಲದಲ್ಲಿ ಶೀತಪೆಟ್ಟಿಗೆಯಿರಲಿಲ್ಲ, ಔಷಧದ ಸೀಸೆಗಳು ಅಂಚೆಯಲ್ಲಿ ಬರುತ್ತಿರಲಿಲ್ಲ. ದಾಕು ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಸುಮಾರು ಎಂಟನೆಯ ದಿನ ಏಳುವ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ ಸರಪಣಿ ಸಾಗಬೇಕು. ಒಂದು ಕೊಂಡಿ ಕಳಚಿದರೆ ಎಲ್ಲವೂ ನಿಂತುಹೋಗುತ್ತಿತ್ತು. ಒಂದು ಮನೆಯ ಮಗುವಿನ ಮೈಯ ರಸವನ್ನು ಇನ್ನೊಂದು ಮನೆಯ ಮಗುವಿಗೆ ಹಾಕುವುದೆಂದರೆ ಜಾತಿ ಮಡಿಗಳ ಅಡ್ಡಗೋಡೆಗಳನ್ನು ದಾಟಬೇಕು, ಅಮ್ಮನ ಕೋಪದ ಭಯವನ್ನು ದಾಟಬೇಕು, ಪರದೇಶದವರ ಮೇಲಿನ ಸಂಶಯವನ್ನೂ ದಾಟಬೇಕು. ತಾಯಿಯೊಬ್ಬಳು ತನ್ನ ಕೂಸಿನ ತೋಳನ್ನು ಚಾಚಲು ಕೊಡಬೇಕಾದರೆ ಕೇಳುವವನ ಮೇಲೆ ಆಕೆಗೆ ನಂಬಿಕೆ ಇರಬೇಕು. ಹತ್ತು ವರ್ಷ ಈ ಜನರ ನಡುವೆ ಇವರಂತೆಯೇ ಉಂಡು ಉಟ್ಟು ಬಾಳಿದ ಸ್ವಾಮಿಗೆ ಆ ನಂಬಿಕೆ ದೊರೆತುದರಲ್ಲಿ ಆಶ್ಚರ್ಯವಿಲ್ಲ. ಮೈಸೂರಿನ ಅರಮನೆಯೂ 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಗೆ ದಾಕು ಹಾಕಿಸಿ ಪ್ರಜೆಗಳಿಗೆ ಮೇಲ್ಪಂಕ್ತಿಯಾಯಿತು.

ಆಗ ಆರಂಭವಾದ ಆ ಸರಪಣಿಯ ಕೊನೆಯನ್ನು ನಮ್ಮ ಹಿರಿಯರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. 1975ರ ಮೇ ತಿಂಗಳ ಬಳಿಕ ಭಾರತದಲ್ಲಿ ಸಿಡುಬು ಕಾಣಿಸಿಕೊಳ್ಳಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿತು. ಅಜ್ಜನ ತೋಳಿನ ಮೇಲೆ ಉಳಿದಿರುವ ದುಂಡನೆಯ ಮಚ್ಚೆಯನ್ನು ಮೊಮ್ಮಕ್ಕಳು ಮುಟ್ಟಿ ನೋಡುವಾಗ ಈ ದೊಡ್ಡಸ್ವಾಮಿಯವರ ಹೆಸರನ್ನೂ ಅವರಿಗೆ ಹೇಳುವುದು ಒಳ್ಳೆಯದು.

ಗ್ರಂಥಕರ್ತರಾಗಿ

ಲೋಕಕ್ಕೆ ಅಬ್ಬೆ ದುಬ್ವಾರವರ ಪರಿಚಯವಿರುವುದು ಹೆಚ್ಚಾಗಿ ಅವರ ಗ್ರಂಥದಿಂದ. ಹಿಂದೂ ಜನರ ಆಚಾರ ವಿಚಾರಗಳು, ಸಂಪ್ರದಾಯಗಳು, ವಿಧಿಗಳನ್ನು ಕುರಿತು ಅವರು ಫ್ರೆಂಚ್ ಭಾಷೆಯಲ್ಲಿ ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಕರ್ನಲ್ ವಿಲ್ಕ್ಸ್ ಅವರ ಕೈಗಿತ್ತರು. 1807ರಲ್ಲಿ ಮದರಾಸಿನ ಗವರ್ನರಾಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕರು ಕಂಪನಿ ಸರ್ಕಾರದ ಪರವಾಗಿ ಅದನ್ನು 2000 ವರಹಗಳಿಗೆ ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಿತು. ಅವರೇ ತಿದ್ದಿ ವಿಸ್ತರಿಸಿದ ಪಾಠವು 1897ರಲ್ಲಿ ಬ್ಯೂಷಾಂಪ್ ಅವರ ಟಿಪ್ಪಣಿಗಳೊಂದಿಗೆ ಪ್ರಕಟವಾಯಿತು. ಪಂಚತಂತ್ರದ ಕಥೆಗಳನ್ನು ತಮಿಳು, ತೆಲುಗು, ಕನ್ನಡ ಪ್ರತಿಗಳಿಂದ ಆಯ್ದು ಫ್ರೆಂಚಿಗೆ ತಂದು 1826ರಲ್ಲಿ ಅವರು ಪ್ರಕಟಿಸಿದರು. ನಮ್ಮ ಕನ್ನಡದ ಕಥೆ ಪ್ಯಾರಿಸಿನ ಓದುಗರನ್ನು ಮುಟ್ಟಲು ಒಬ್ಬ ಕಥೋಲಿಕ ಗುರುಗಳೂ ಕಾರಣರಾದರೆಂಬುದು ನಮಗೆ ಹೆಮ್ಮೆಯ ವಿಷಯ.

ಆದರೂ ಸತ್ಯವನ್ನು ಹೇಳಲೇಬೇಕು. ಆ ಹೆಸರಾಂತ ಗ್ರಂಥದ ಬಹುಭಾಗವು ಅವರಿಗಿಂತ ಮುಂಚೆ ಇದ್ದ ಯೇಸುಸಭೆಯ ಗುರು ಕೋರ್ದೂ ಅವರ ಬರಹವನ್ನು ಆಧರಿಸಿದೆಯೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ತೋರಿಸಿಕೊಟ್ಟರು. ಜಾತಿ ವ್ಯವಸ್ಥೆಯನ್ನು ಸಮಾಜಕ್ಕೆ ಹಿತಕರವೆಂದು ಅಬ್ಬೆ ದುಬ್ವಾರವರು ಸಮರ್ಥಿಸಿದುದನ್ನೂ, ದೀನ ಜನರನ್ನು ಕುರಿತು ಆಡಿದ ಕೆಲವು ಮಾತುಗಳನ್ನೂ ಇಂದು ನಾವು ಒಪ್ಪಲಾರೆವು. ಕ್ರಿಸ್ತರ ಮೇಜಿನಲ್ಲಿ ಮೇಲು ಕೀಳುಗಳಿಲ್ಲ. ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪುಗಳನ್ನು ಪೂಜಿಸುವುದಲ್ಲ. ಗ್ರಂಥದ ಕೀರ್ತಿಯನ್ನು ವಿದ್ವಾಂಸರು ಎಷ್ಟು ಬೇಕಾದರೂ ಅಳೆದು ತೂಗಲಿ. ಸಾತಳ್ಳಿಯ ಹೊಲಗಳೂ ದಾಕಿನ ಸೇವೆಯೂ ಆ ತಕ್ಕಡಿಯಲ್ಲಿ ಕೂರುವಂಥವಲ್ಲ.

ತಪ್ಪಿದ ಲೆಕ್ಕ

1823ನೆಯ ಜನವರಿಯಲ್ಲಿ, ಮೂವತ್ತು ವರ್ಷಗಳಿಗೂ ಮೀರಿದ ಸೇವೆಯ ಬಳಿಕ, ಅಬ್ಬೆ ದುಬ್ವಾರವರು ಭಾರತವನ್ನು ಬಿಟ್ಟು ಹೊರಟರು. ಅವರ ಪ್ರಯಾಣದ ವೆಚ್ಚವನ್ನು ಕಂಪನಿ ಸರ್ಕಾರವೇ ಭರಿಸಿ ವಿಶ್ರಾಂತಿವೇತನವನ್ನೂ ಗೊತ್ತುಮಾಡಿತು. ಇಷ್ಟು ಗೌರವ ಪಡೆದ ಗುರುಗಳು ತೃಪ್ತಿಯಿಂದ ಹಿಂದಿರುಗಿದರೆಂದು ನಾವು ಎಣಿಸಬಹುದು. ವಾಸ್ತವವು ಹಾಗಿರಲಿಲ್ಲ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅವರ ಪತ್ರಗಳು ಅದೇ ವರ್ಷ ಪ್ರಕಟವಾದವು. ಅವುಗಳಲ್ಲಿ ಅವರು ತಮ್ಮ ದುಡಿಮೆಯ ಲೆಕ್ಕವನ್ನು ಸಂಕೋಚವಿಲ್ಲದೆ ತೆರೆದಿಟ್ಟರು. ಇಷ್ಟು ವರ್ಷಗಳಲ್ಲಿ ದೇಶೀಯ ಗುರುವೊಬ್ಬರ ಸಹಾಯದಿಂದ ತಾವು ಹೊಸದಾಗಿ ಧರ್ಮಸಭೆಗೆ ಸೇರಿಸಿದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ, ಅವರಲ್ಲಿ ಮೂರರಲ್ಲಿ ಎರಡು ಪಾಲು ಕಡುಬಡವರು, ಈ ದೇಶದಲ್ಲಿ ಕ್ರೈಸ್ತ ವಿಶ್ವಾಸ ಹಬ್ಬುವ ಆಸೆ ಮಾನವ ದೃಷ್ಟಿಗೆ ಕಾಣುತ್ತಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಈ ಮಾತುಗಳು ಇಂಗ್ಲೆಂಡಿನಲ್ಲಿ ದೊಡ್ಡ ಕೋಲಾಹಲವೆಬ್ಬಿಸಿದವು. 1824ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಪ್ರೊಟೆಸ್ಟೆಂಟ್ ಬೋಧಕರು ಅವರಿಗೆ ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

ಈ ಗುರುಗಳ ನೋವನ್ನು ನಾವು ಅರ್ಥಮಾಡಿಕೊಳ್ಳಬೇಕು. ಯೌವನವನ್ನೆಲ್ಲಾ ಧಾರೆಯೆರೆದು, ತಾಯ್ನಾಡನ್ನು ತೊರೆದು, ಕೊನೆಗೆ ಬರಿಗೈಯಲ್ಲಿ ಹೊರಟೆನೆಂಬ ಭಾವನೆಯನ್ನು ಹೊತ್ತು ಹಡಗು ಹತ್ತಿದ ಮನುಷ್ಯ ಅವರು. ಅವರ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಆದರೆ ಅವರ ಲೆಕ್ಕವನ್ನು ಒಪ್ಪಲಾರೆವು. ಹೊಸ ದೀಕ್ಷಾಸ್ನಾನಗಳನ್ನು ಅವರು ಎಣಿಸಿದರು. ಸಿಡುಬಿನಿಂದ ಸಾಯದೆ ಬದುಕಿ ಬೆಳೆದು ತಾಯ್ತಂದೆಯರಾದ ಮಕ್ಕಳನ್ನು ಎಣಿಸಲಿಲ್ಲ. ಆ ಮಕ್ಕಳಲ್ಲಿ ಬಹುಪಾಲು ಬೇರೆ ಧರ್ಮಗಳವರಾಗಿದ್ದರೂ ಅವರೆಲ್ಲರೂ ದೇವರ ಮಕ್ಕಳೇ. ನೆಲ ದೊರೆತು ಗುಳೆ ಹೋಗುವುದು ತಪ್ಪಿದ ಮನೆಗಳನ್ನು ಎಣಿಸಲಿಲ್ಲ. ಕ್ಷಮೆ ಪಡೆದು ನೆಮ್ಮದಿಯಿಂದ ಕಣ್ಣುಮುಚ್ಚಿದ ಮುದುಕರನ್ನು ಎಣಿಸಲಿಲ್ಲ. ಐದು ಸಾವಿರ ಜನರಿಗೆ ರೊಟ್ಟಿ ಕೊಟ್ಟ ಪ್ರಭು, ಉಂಡವರಲ್ಲಿ ಎಷ್ಟು ಮಂದಿ ತಮ್ಮ ಹಿಂದೆ ಬಂದರೆಂದು ಲೆಕ್ಕ ಕೇಳಲಿಲ್ಲ. ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ಹಿಂದಿರುಗಿದಾಗ ಪ್ರಭುವಿಗೆ ನೋವಾಯಿತು, ನಿಜ. ಆದರೂ ಉಳಿದ ಒಂಬತ್ತು ಮಂದಿಯಿಂದ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ.

ಕಾಲವೂ ಅವರ ತೀರ್ಮಾನವನ್ನು ತಿದ್ದಿತು. ಅವರು ಆಸೆ ಬಿಟ್ಟ ಮೈಸೂರು 1886ರಲ್ಲಿ ಧರ್ಮಕ್ಷೇತ್ರವಾಯಿತು. ಅದರ ನೆಲದಲ್ಲಿ ಬೆಂಗಳೂರು, ಚಿಕ್ಕಮಗಳೂರು ಮೊದಲಾದ ಧರ್ಮಕ್ಷೇತ್ರಗಳು ಬೆಳೆದವು. ನಮ್ಮ ಈ ಬಡಗಣ ಸೀಮೆಯಲ್ಲಿಯೂ 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರ ಉದಯಿಸಿತು. ಅವರು ನಿರಾಸೆಯಿಂದ ಎಣಿಸಿದ ಆ ಕಡುಬಡವರ ಮಕ್ಕಳು ಮೊಮ್ಮಕ್ಕಳಂಥವರೇ ಇಂದಿನ ನಮ್ಮ ಧರ್ಮಸಭೆ.

ಕೊನೆಯ ದಿನಗಳು ಮತ್ತು ನಮಗೆ ಪಾಠ

ಪ್ಯಾರಿಸಿಗೆ ಮರಳಿದ ಅಬ್ಬೆ ದುಬ್ವಾರವರು ತಮ್ಮನ್ನು ಕಳುಹಿಸಿದ್ದ ಸಂಸ್ಥೆಯಲ್ಲೇ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿ, ಪೂರ್ವದೇಶಗಳಿಗೆ ಹೊರಡುವ ಯುವಕ ಗುರುಗಳನ್ನು ಸಿದ್ಧಪಡಿಸುವ ಮನೆಯ ಹೊಣೆ ಹೊತ್ತರು. ಆಸೆಯಿಲ್ಲವೆಂದು ಬರೆದವರು ಬಿತ್ತುವವರನ್ನು ಕಳುಹಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ! 1848ನೆಯ ಫೆಬ್ರವರಿ 17ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವದ ಈ ದಿನಗಳಲ್ಲಿ ನಾವೂ ಲೆಕ್ಕ ಹಾಕುತ್ತಿದ್ದೇವೆ. ಕುಟುಂಬಗಳೆಷ್ಟು, ದೀಕ್ಷಾಸ್ನಾನಗಳೆಷ್ಟು, ವಿವಾಹಗಳೆಷ್ಟು ಎಂದು ದೇವಾಲಯದ ಪುಸ್ತಕಗಳನ್ನು ತಿರುವುತ್ತಿದ್ದೇವೆ. ಇದು ತಪ್ಪಲ್ಲ. ಆದರೆ ಆ ಪುಸ್ತಕಗಳಲ್ಲಿ ಬರೆಯದ ಲೆಕ್ಕವೊಂದಿದೆ. ಬರಗಾಲದಲ್ಲಿ ನೆರೆಮನೆಯವರಿಗೆ ಅಳೆದುಕೊಟ್ಟ ಸೇರು ಜೋಳ, ಬಾಣಂತಿಯನ್ನು ನಡುರಾತ್ರಿ ಬಂಡಿ ಕಟ್ಟಿ ಆಸ್ಪತ್ರೆಗೆ ಒಯ್ದ ಶ್ರಮ, ಜಗಳವಾಡಿದ ಅಣ್ಣತಮ್ಮಂದಿರನ್ನು ಬದುವಿನ ಮೇಲೆ ಕೂರಿಸಿ ಒಂದುಗೂಡಿಸಿದ ಮಾತು, ಮಗುವಿಗೆ ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸಿದ ತಾಯಿಯ ಎಚ್ಚರ, ಇವು ಯಾವ ದಫ್ತರದಲ್ಲಿಯೂ ಇಲ್ಲ. ಬಲಿಪೀಠದ ಮೇಲೆ ನಾವು ಅರ್ಪಿಸುವ ರೊಟ್ಟಿಯೂ ಹೊಲದಿಂದಲೇ ಬಂದದ್ದು. ಅದು ಪರಮಪ್ರಸಾದವಾಗಿ ನಮ್ಮೊಳಗೆ ಬಂದು ಮತ್ತೆ ಹೊಲಕ್ಕೂ ಮನೆಗೂ ನಮ್ಮನ್ನು ಕಳುಹಿಸುತ್ತದೆ. ಮೆಟ್ಟಿಲಿಳಿದ ಕೂಡಲೆ ಮಳೆಯ ಮಾತನ್ನೂ ಮಗುವಿನ ಜ್ವರದ ಮಾತನ್ನೂ ಆಡಲು ನಾವು ನಾಚಬೇಕಾಗಿಲ್ಲ. ಆ ಮಾತು ನೆರೆಯವನ ಕಷ್ಟಕ್ಕೆ ಕೈಯಾಗಿ ಚಾಚಿದರೆ ಪೂಜೆ ಅಲ್ಲಿಯೂ ಮುಂದುವರಿಯುತ್ತದೆ.

ತಾನು ಬಿತ್ತಿದ್ದರ ಫಲವನ್ನು ಕಾಣದೆ ಹೋದ ದೊಡ್ಡಸ್ವಾಮಿಯವರ ಆತ್ಮಕ್ಕೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ನಮ್ಮ ಮುಂದಿನ ನೂರು ವರ್ಷಗಳಲ್ಲಿ ನಾವು ಮಾಡುವ ಲೆಕ್ಕ ತಪ್ಪಿದರೂ ನಮ್ಮ ಕೈಗಳ ಕೆಲಸ ತಪ್ಪದಿರಲಿ ಎಂದು ಬೇಡಿಕೊಳ್ಳೋಣ.